ಹಿಂದಕ್ಕೆ ಜಾರುವಾಗ

ಆ ಹುಡುಗಿಯನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬುಗುರಿ ಎಂದರೆ ಓಗೊಡುತ್ತಿದ್ದಳು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಕಿಟಕಿಯ ತನಕ ಹೋಗಿ ಬರಬೇಕು, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಬೇಕು, ತರಗತಿಯಲ್ಲಿ ಬೆಂಚಿನ ಕೆಳಗೆ ಕಾಲು ಕುಣಿಯುತ್ತಲೇ ಇರಬೇಕು. "ಇವಳು ಕೂತಲ್ಲೆಲ್ಲ ಯಾರೋ ಮುಳ್ಳು ಇಟ್ಟು ಹೋಗಿರ್ತಾರೆ" ಎಂದು ಅಜ್ಜಿ ನಗುತ್ತಿದ್ದಳು.

ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿ ಜಾರುವ ಐಸ್ ರಿಂಕಿಗೆ ಅವಳು ಮೊದಲು ಹೋದದ್ದು ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ. ಬಂದ ಮಕ್ಕಳೆಲ್ಲ ಅಂಚಿನ ಕಂಬಿಯನ್ನು ಜೀವ ಹಿಡಿದ ಹಾಗೆ ಹಿಡಿದು ನಿಂತಿದ್ದರೆ ಇವಳು ನಟ್ಟನಡುವೆ ಬೀಳುತ್ತ ಏಳುತ್ತ ಪ್ಯಾಂಟೆಲ್ಲ ಒದ್ದೆ ಮಾಡಿಕೊಂಡಿದ್ದಳು. ಅಲ್ಲಿ ಕಲಿಸುತ್ತಿದ್ದ ಕೋಚ್ ಮೇಡಂ ಜಾರುತ್ತ ಪಕ್ಕಕ್ಕೆ ಬಂದರು.

"ನೋವಾಗ್ಲಿಲ್ವಾ?"

"ಆಯ್ತು."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ನಿಂತ್ರೆ ಚಳಿ ಆಗುತ್ತೆ."

ಮೇಡಂ ನಕ್ಕರು, ಆಮೇಲೆ ಅಪ್ಪನನ್ನು ಕರೆಸಿ, ಇವಳನ್ನು ಸ್ಕೇಟಿಂಗ್ ಕಲಿಯಲು ಕಳಿಸಿ ಎಂದರು.

ಅಪ್ಪ ಬಸ್ ಡ್ರೈವರ್. ಬೆಳಗಿನ ಮೊದಲ ಬಸ್ಸು ರಿಂಕಿನ ಮುಂದೆಯೇ ಹೋಗುತ್ತಿತ್ತು. ಬುಗುರಿ ಅವನ ಹಿಂದಿನ ಸೀಟಿನಲ್ಲಿ ಸ್ಕೇಟಿನ ಚೀಲ ತಬ್ಬಿಕೊಂಡು ಕೂತು, ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ತಾನೇ ಹೋಗಿ ದೂಡಬೇಕು ಅನ್ನುವಷ್ಟು ಚಡಪಡಿಸುತ್ತಿದ್ದಳು. ಅಮ್ಮನಿಗೆ ಮಾತ್ರ ಇದು ಒಂಚೂರೂ ಇಷ್ಟವಿರಲಿಲ್ಲ. ಅವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ದಿನವಿಡೀ ಊರವರ ಮುರಿದ ಕೈಕಾಲು ನೋಡಿ ಬಂದವಳಿಗೆ ಮಗಳ ಸೊಂಟದ ಮೇಲಿನ ನೀಲಿಗಟ್ಟಿದ ಕಲೆಗಳನ್ನು ನೋಡಲಾಗುತ್ತಿರಲಿಲ್ಲ.

"ನೀನು ಆಡ್ಕೋ. ನೋಡೋಕೆ ಬಾ ಅಂತ ನನ್ನ ಕರೀಬೇಡ" ಎಂದುಬಿಟ್ಟಿದ್ದಳು.

ವರ್ಷಗಳು ಕಳೆದ ಹಾಗೆ ಬುಗುರಿ ಸುತ್ತುವುದು ಕಲಿತಳು, ಸಣ್ಣ ಜಿಗಿತಗಳನ್ನು ಕಲಿತಳು. ಆಕ್ಸೆಲ್ ಎಂಬ ಜಿಗಿತ ಮಾತ್ರ ಕೈಗೆ ಸಿಗಲಿಲ್ಲ. ಮುಂದಕ್ಕೆ ಹೋಗುತ್ತ ಹಾರಿ, ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಿ, ಹಿಂದಕ್ಕೆ ಜಾರುತ್ತ ಇಳಿಯಬೇಕು. ಇವಳು ಇಳಿಯುವ ಬದಲು ಬೀಳುತ್ತಿದ್ದಳು. ಆದರೂ ಮೇಡಂ ಅವಳ ಹೆಸರನ್ನು ಸ್ಪರ್ಧೆಗೆ ಕೊಟ್ಟರು. ಅಜ್ಜಿ ಕೂತು ಕೆಂಪು ಉಡುಪಿಗೆ ಚಮಕಿ ಹೊಲಿದಳು. ಅಪ್ಪ ಹೇಗೆ ಒಪ್ಪಿಸಿದನೋ, ಅಮ್ಮ ಡ್ಯೂಟಿ ಬದಲಾಯಿಸಿಕೊಂಡು ಹೊರಟಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ರಬ್ಬರ್ ಚಾಪೆಯ, ಕೂದಲಿಗೆ ಹೊಡೆಯುವ ಸ್ಪ್ರೇಯ ವಾಸನೆ ತುಂಬಿತ್ತು. ಕಾಯುವುದೇ ಬುಗುರಿಗೆ ಪ್ರಾಣಸಂಕಟ. ಪಕ್ಕದಲ್ಲಿ ನೀಲಿ ಉಡುಪಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಕೂತಿದ್ದಳು.

"ನಿಂಗೆ ಭಯ ಆಗಲ್ವಾ?" ಬುಗುರಿ ಕೇಳಿದಳು.

"ಆಗುತ್ತೆ. ಅದಕ್ಕೇ ಕಣ್ಣು ಮುಚ್ಚಿರೋದು. ನೀನು ಸ್ವಲ್ಪ ಕಾಲು ಆಡ್ಸೋದು ನಿಲ್ಲಿಸ್ತೀಯಾ? ಬೆಂಚು ಅಲ್ಲಾಡ್ತಿದೆ."

ಸ್ಪರ್ಧೆಗೆ ಮುಂಚೆ ಗುಂಪಿನ ಹುಡುಗಿಯರನ್ನೆಲ್ಲ ಒಟ್ಟಿಗೆ ಐಸ್ ಮೇಲೆ ಬಿಡುತ್ತಾರೆ, ಮೈ ಬಿಸಿ ಮಾಡಿಕೊಳ್ಳಲಿ ಎಂದು. ಬಾಗಿಲು ತೆರೆದದ್ದೇ ತಡ, ಬುಗುರಿ ಬಿಟ್ಟ ಬಾಣದಂತೆ ನುಗ್ಗಿದಳು. ಒಂದು ಸುತ್ತು ಹಾಕಿ, ತಿರುಗಿ, ಭರದಿಂದ ಹಿಂದಕ್ಕೆ ಜಾರಿದಳು. ಹೆಗಲ ಮೇಲಿಂದ ಹಿಂದೆ ನೋಡಬೇಕಿತ್ತು. ನೋಡಲಿಲ್ಲ. ಬೆನ್ನಿಗೆ ಏನೋ ಬಡಿಯಿತು, ಒಂದು ಚೀತ್ಕಾರ ಕೇಳಿಸಿತು. ಎದ್ದು ನೋಡಿದರೆ ನೀಲಿ ಉಡುಪಿನ ಹುಡುಗಿ ಮಗುಚಿ ಬಿದ್ದು ಕೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು.

ಯಾರು ಯಾರನ್ನು ಕರೆದರೋ, ಅಷ್ಟರಲ್ಲಿ ಅಮ್ಮ ಮೆಟ್ಟಿಲಿಳಿದು ಚಪ್ಪಲಿಯಲ್ಲೇ ಐಸ್ ಮೇಲೆ ಬಂದಾಗಿತ್ತು. ಮಗಳ ಕಡೆ ಒಮ್ಮೆ ಕಣ್ಣಾಡಿಸಿದಳು, ನಿಂತಿದ್ದಾಳೆ ಎಂದು ಕಂಡಳು, ಅಷ್ಟೇ. ಮಂಡಿಯೂರಿ ಆ ಹುಡುಗಿಯ ಕೈ ಹಿಡಿದಳು. "ಬೆರಳು ಆಡ್ಸು ಕಂದ. ಹಾಂ, ಸಾಕು. ಇನ್ನು ಅಲ್ಲಾಡಿಸ್ಬೇಡ, ನಾನು ಹಿಡ್ಕೊಂಡಿದೀನಿ." ಹಾಗೇ ಹಿಡಿದುಕೊಂಡು ಅವಳ ಜೊತೆ ಆಂಬುಲೆನ್ಸ್ ಹತ್ತಿ ಹೋದಳು.

ಮೊದಲ ಸರದಿ ಬುಗುರಿಯದೇ. "ಆಗುತ್ತಾ ನಿನ್ನ ಕೈಲಿ?" ಎಂದರು ಮೇಡಂ. ಬುಗುರಿ ಐಸ್ ಮೇಲೆ ಹೋದಳು, ನಿಲ್ಲುವುದು ಇನ್ನೂ ಕಷ್ಟವಾಗಿತ್ತು. ಸಂಗೀತ ಶುರುವಾಯಿತು. ಕಾಲು ತನ್ನಷ್ಟಕ್ಕೆ ಕೆಲಸ ಮಾಡಿತು. ಆಕ್ಸೆಲ್‌ಗೆ ಹಾರಿದಳು, ತಿರುಗಿದಳು, ಇಳಿದಳು, ಬೀಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಇಷ್ಟು ದಿನ ತುದಿಗಾಲಲ್ಲಿ ನಿಂತು ಕಾದದ್ದು ಇದಕ್ಕೇ. ಆದರೆ ಅಮ್ಮ ಕೂತಿದ್ದ ಕುರ್ಚಿ ಖಾಲಿ ಇತ್ತು.

ಮೂರನೆಯ ಬಹುಮಾನ ಬಂತು. ಅಪ್ಪನೂ ಮುಖ ಕೆಳಗೆ ಹಾಕಿಕೊಂಡೇ ಬಸ್ಸು ಹತ್ತಿದ.

ಸಂಜೆ ಅಮ್ಮ ಬಂದು ಕೈ ತೊಳೆದಳು. "ಮಣಿಕಟ್ಟು ಮುರಿದಿದೆ. ಕೂಡ್ಕೊಳ್ಳುತ್ತೆ."

"ನಾನು ನೋಡ್ಲಿಲ್ಲಮ್ಮ."

"ಗೊತ್ತು."

ಬೈದಿದ್ದರೆ ವಾಸಿಯಿತ್ತು. ಬುಗುರಿ ಆ ವಾರವೆಲ್ಲ ರಿಂಕಿಗೂ ಹೋಗಲಾರದೆ, ಮನೆಯಲ್ಲೂ ಇರಲಾರದೆ, ಕೋಣೆಯಿಂದ ಕೋಣೆಗೆ ಅಲೆದಳು. ಕೊನೆಗೆ ಅಮ್ಮನ ಮುಂದೆ ಬಂದು ನಿಂತಳು. "ಅವಳ ಮನೆಗೆ ಹೋಗ್ಬೇಕು."

ಆ ಹುಡುಗಿಯ ತಾಯಿ ಬಾಗಿಲು ತೆರೆದು, ಬುಗುರಿಯನ್ನು ನೋಡಿ ಮುಖ ಗಂಟು ಹಾಕಿಕೊಂಡಳು. ಹಿಂದೆ ಇದ್ದ ನರ್ಸನ್ನು ಗುರುತು ಹಿಡಿದ ಮೇಲೆ ಒಳಗೆ ಬಿಟ್ಟಳು. ಹುಡುಗಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದಳು.

"ನೀನು ಹಿಂದೆ ನೋಡಿದ್ರೆ ಹೀಗಾಗ್ತಿರ್ಲಿಲ್ಲ" ಎಂದಳು.

"ಹೌದು. ತಪ್ಪು ನಂದೇ."

ಆ ಹುಡುಗಿ ಇನ್ನೇನೋ ಅನ್ನಲು ಸಿದ್ಧವಾಗಿದ್ದಳು ಅನ್ನಿಸುತ್ತದೆ, ವಾದಿಸುವವರೇ ಇಲ್ಲವಾದ್ದರಿಂದ ಮಾತು ಬದಲಿಸಿದಳು. "ನಿಂಗೆ ಆಕ್ಸೆಲ್ ಬಂತಂತೆ?"

"ಬಂತು."

"ನಂಗೆ ಬರಲ್ಲ. ಗಾಳೀಲಿ ಸುತ್ತೋವಾಗ ಎಡಗಾಲು ಬೇಗ ಬಿಚ್ಕೊಂಡ್ಬಿಡುತ್ತೆ. ನೀನು ಹೇಗೆ ಹಿಡ್ಕೋತೀಯ?"

ಬುಗುರಿ ಎದ್ದು ಕಾಲುಚೀಲದಲ್ಲೇ ತೋರಿಸಲು ಹೊರಟಳು. "ಸುತ್ತಮುತ್ತ ಜಾಗ ಇದೆಯಾ ನೋಡ್ಕೋ" ಎಂದು ಇಬ್ಬರು ತಾಯಂದಿರೂ ಒಟ್ಟಿಗೆ ಹೇಳಿದರು.

ಹಿಂದಿರುಗುವಾಗ ಅಮ್ಮ ಕೇಳಿದಳು, "ಬಿಟ್ಬಿಡು ಅಂದ್ರೆ ಬಿಡ್ತೀಯಾ?"

ಸುಳ್ಳು ಹೇಳಲು ಬುಗುರಿಗೆ ಬಾಯಿ ಬರಲಿಲ್ಲ. "ಇಲ್ಲಮ್ಮ."

"ಹಾಗಿದ್ರೆ ಸರಿಯಾಗಿ ಕಲಿ. ರಜ ಇದ್ದಾಗೆಲ್ಲ ನಾನೇ ಬಂದು ನೋಡ್ತೀನಿ."

ಮೇಡಂ ಜಿಗಿತಗಳನ್ನೆಲ್ಲ ನಿಲ್ಲಿಸಿದರು. ಜನಸಂದಣಿಯ ಹೊತ್ತಿನಲ್ಲಿ, ಪುಟ್ಟ ಮಕ್ಕಳ ನಡುವೆ, ನಿಧಾನವಾಗಿ ಹಿಂದಕ್ಕೆ ಜಾರಿಸಿದರು. ಬುಗುರಿಗೆ ಅದು ಶಿಕ್ಷೆಗಿಂತ ಹೆಚ್ಚಾಯಿತು, ಹಲ್ಲು ಕಚ್ಚಿಕೊಂಡು ಮಾಡಿದಳು. ಅಮ್ಮ ಅಂಚಿನಲ್ಲಿ ಶಾಲು ಹೊದ್ದು ಕೂತಿರುತ್ತಿದ್ದಳು. ಯಾರು ಬಿದ್ದರೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ಮುಂದಿನ ಸ್ಪರ್ಧೆಗೆ, ಮಣಿಕಟ್ಟು ಕೂಡಿದ ಮೇಲೆ, ನೀಲಿ ಉಡುಪಿನ ಹುಡುಗಿಯೂ ಬಂದಳು. ಆಕ್ಸೆಲ್ ಹಾರಿ, ಬೀಳದೆ ಇಳಿದು, ಎರಡನೆಯವಳಾದಳು. ಜಿಗಿತಗಳ ಅಭ್ಯಾಸ ತಪ್ಪಿದ್ದ ಬುಗುರಿಗೆ ಐದನೆಯ ಸ್ಥಾನ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಭಿನಂದನೆ ಹೇಳಿ, ತುಟಿ ಬಿಗಿಹಿಡಿದು ಹೊರಗೆ ಬಂದವಳು ಮೇಡಂ ತೋಳು ಹಿಡಿದಳು.

"ನಾಳೆ ಎಷ್ಟೊತ್ತಿಗೆ ಬರ್ಲಿ?"

"ನಾಳೆ ರಿಂಕ್ ಮುಚ್ಚಿರುತ್ತೆ ಕಣೇ" ಎಂದರು ಮೇಡಂ.

"ನಾಡಿದ್ದು?"