ಓದಿ ಹೇಳಲಾಗಿದೆ

"ನೆಟ್ಟಗ ಒತ್ತಬೇ ಮುದುಕಿ! ಕುರಿ ಕಾದು ಕಾದು ಬೆರಳಿನ ಗೆರಿನೂ ಮೇಯಿಸಿಬಿಟ್ಟಿಯೇನು?"

ವಕೀಲರ ಗುಮಾಸ್ತ ಸೂಗಪ್ಪ ನನ್ನ ಚಿಗವ್ವ ಶೇಖಮ್ಮನ ಹೆಬ್ಬೆರಳನ್ನು ಇಂಕಿನ ಪ್ಯಾಡಿಗೆ ತಿಕ್ಕಿದ. ಉಣ್ಣೆ ನೂತು ಸವೆದ ಬೆರಳು. ಮೂರು ಸಲ ಒತ್ತಿದರೂ ಕಾಗದದ ಮೇಲೆ ಬರೀ ಮಸಿ. "ಥೂ, ಇದರವ್ವನ," ಎಂದು ಅವಳ ಸೆರಗಿನಿಂದಲೇ ಒರೆಸಿ ಮತ್ತೆ ಒತ್ತಿಸಿದ. ನಾಲ್ಕನೆಯದು ಬಿತ್ತು.

"ವಾಯಿದಾ ಮುಂದ ಹಾಕಾಕ ಇಷ್ಟು ಒದ್ದಾಟ ಏನೋ ಭೀಮು?" ಚಿಗವ್ವ ನಕ್ಕು ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ವಾಯಿದೆಯ ಕಾಗದ ಎಂದು ಅವಳಿಗೆ ಹೇಳಿದವನು ನಾನೇ. ಅದು ರಾಜಿ ಅರ್ಜಿ. ಬೋನಾಳ ಕೆರೆದಂಡೆಯ ಎರಡೆಕರೆಯಲ್ಲಿ ತನಗೆ ಹಕ್ಕಿಲ್ಲ, ಹೊಲ ಬಸವಂತಗೌಡನದು ಎಂದು ಬರೆದಿತ್ತು. ಆ ಹೊಲಕ್ಕಾಗಿ ಅವಳು ಆರು ವರ್ಷದಿಂದ ಸುರಪುರದ ಕೋರ್ಟಿಗೆ ಬಸ್ಸು ಹತ್ತುತ್ತಿದ್ದಳು. ಅವಳ ವಕೀಲ ಗೌಡನ ಕಡೆ ವಾಲಿ ಆಗಿತ್ತು. ಉಳಿದದ್ದು ನನ್ನ ಸಹಿ. ಹೆಬ್ಬೆಟ್ಟಿನವರಿಗೆ ಓದು ಬಲ್ಲವನೊಬ್ಬ ಓದಿ ಹೇಳಿ, ಹಾಗೆಂದು ಕೆಳಗೆ ಬರೆದುಕೊಡಬೇಕು.

ನಮ್ಮ ಮನೆತನದಲ್ಲಿ ಓದು ಬಲ್ಲವನು ನಾನೊಬ್ಬನೇ. "ಇವನ ಪಾಲಿನ ಕುರಿನೂ ನಾನ ಕಾಯ್ತೀನಿ, ಇಂವಾ ಸಾಲಿಗೆ ಹೋಗಲಿ," ಎಂದು ಓದಿಸಿದವಳು ಅವಳು.

ಮುಂಜಾನೆ ಗೌಡನ ಕೊಟ್ಟಿಗೆಯಲ್ಲಿ ಆಳಾಗಿ ಸೆಗಣಿ ಬಳಿಯುತ್ತಿದ್ದ ನನಗೆ ಅವನು ಹೇಳಿದ್ದ: "ಮಗನ, ನಿನ್ನ ಗುಡಿಸಲಾ ಯಾರ ಜಾಗಾದಾಗ ಐತಿ? ನೆಪ್ಪಿರಲಿ."

"ಬರಿಯಲೇ," ಸೂಗಪ್ಪ ಪೆನ್ನು ಕೊಟ್ಟ. ಓದಿ ಹೇಳಲಾಗಿದೆ, ತಿಳಿದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ ಎಂದು ಬರೆದೆ. ಅಕ್ಷರ ದುಂಡಗೆ ಬಂದವು. ಥೂ ನನ್ನ ಬಾಳಿಗೆ.

"ಎಷ್ಟು ಚಂದ ಬರಿತಾನ ನೋಡ್ರಿ ನಮ್ಮ ಭೀಮು," ಎಂದಳು ಚಿಗವ್ವ.

ಮಧ್ಯಾಹ್ನ ನ್ಯಾಯಾಧೀಶರು ಅವಳನ್ನು ಕರೆದು ಕೇಳಿದರು: "ಅಮ್ಮಾ, ಅರ್ಜಿ ನಿಮಗೆ ಓದಿ ಹೇಳಿದರಾ?"

ಅವಳು ನನ್ನತ್ತ ನೋಡಿದಳು. ಇಲ್ಲವೆಂದರೆ ನನಗೆ ಬೈಗುಳ ಬೀಳುತ್ತದೆ ಎಂದಷ್ಟೇ ಅವಳಿಗೆ ಹೊಳೆದದ್ದು. "ಹೌದ್ರಿ ಸಾಹೇಬ್ರ. ನಮ್ಮ ಅಕ್ಕನ ಮಗ ಓದಿ ಹೇಳ್ಯಾನ್ರಿ. ಎಲ್ಲಾ ಬರೋಬ್ಬರಿ ತಿಳದೈತ್ರಿ."

ನನ್ನನ್ನು ಕಾಯಲು ಅವಳೂ ಸುಳ್ಳಾಡಿದಳು. ನಾನು ಮುಂದೆ ನುಗ್ಗಿದೆ.

"ಓದಿಲ್ರಿ! ನಾ ಸುಳ್ಳು ಬರದೀನ್ರಿ. ಆ ಕಾಗದಾ ಕೊಡ್ರಿ, ಈಗ ಓದ್ತೀನಿ."

"ಬಾಯಿ ಮುಚ್ಚಲೇ ಸೂಳೇಮಗನ," ಹಿಂದಿನಿಂದ ಸೂಗಪ್ಪ ಅಂಗಿ ಜಗ್ಗಿದ. ನ್ಯಾಯಾಧೀಶರು ಕಾಗದ ಚಾಚಿದರು.

ಗಟ್ಟಿಯಾಗಿ ಓದಿದೆ. ಕೊನೆಗೆ ನಾನು ಬರೆದ ಸಾಲನ್ನೂ, ನನ್ನ ಹೆಸರನ್ನೂ ಓದಿದೆ.

"ಇದಕ್ಕೆ ಒಪ್ಪಿಗೆಯಾ ಅಮ್ಮಾ?"

"ಇಲ್ರಿ," ಎಂದಳು. ಅಷ್ಟೇ.

ಹೊರಗೆ ಗೌಡ ಕಾಯುತ್ತಿದ್ದ. "ಸಂಜಿ ಅನ್ನೂದ್ರಾಗ ಗುಡಿಸಲಾ ಕೀಳಲೇ."

"ಕೀಳ್ತೀನಿ ನಡಿಯೋ," ಎಂದೆ. ಹುಟ್ಟಿದಾಗಿನಿಂದ ಅವನಿಗೆ ಏಕವಚನ ಆಡಿದ್ದು ಅದೇ ಮೊದಲು. ಆದರೂ ಎದೆ ಹಗುರಾಗಲಿಲ್ಲ.

ಬಸ್ಸಿನಲ್ಲಿ ಚಿಗವ್ವನ ಪಕ್ಕದ ಸೀಟಿನ ಮೇಲೆ ಅವಳ ಕಂಬಳಿ ಇತ್ತು. ಬರುವಾಗಲೂ ಹೀಗೆಯೇ ನನಗೆ ಜಾಗ ಹಿಡಿದಿದ್ದಳು. ಕೂರಲೆಂದು ಕಂಬಳಿ ಎತ್ತಲು ಹೋದೆ. ಅವಳು ಅದರ ಮೇಲೆ ಕೈ ಒತ್ತಿ ಹಿಡಿದಳು. ಹೆಬ್ಬೆರಳು ಇನ್ನೂ ಕಪ್ಪಗಿತ್ತು.

ಬೋನಾಳ ಬರುವತನಕ ನಾನು ನಿಂತೇ ಇದ್ದೆ.