ಬಾಗಿಲಿಲ್ಲದ ದಿಮ್ಮಿ ಮನೆ

ಮಂಗಳಗೌರಿ ಮೂರು ವರ್ಷ ಒಂದು ಗೋಡೆಗಾಗಿ ಕಾದಳು. ಗೋಡೆ ಬಂದಾಗ ನೋಡಲು ಅವಳೇ ಇರಲಿಲ್ಲ.

ಗೋಡೆ ಎಂದರೆ ಮೊಬೈಲಿನ ಆಟದ್ದು. ಬೇರೆ ಬೇರೆ ಊರಿನವರು ಆನ್‌ಲೈನಿನಲ್ಲಿ ಸೇರಿ, ಜಾಗ ಹಿಡಿದು ಮನೆ ಕಟ್ಟುವ ಆಟ. ತಮಿಳು ಗಡಿಯ ಬೆಟ್ಟದ ಮೇಲಿನ ದೊಡ್ಡಗಾಜನೂರಿನ ರಾಜಶೇಖರ್ ಮತ್ತು ಅವನ ತಂಗಿ ಗೌರಿ ಅದರಲ್ಲಿ ಒಂದೇ ಜಾಗವನ್ನು ಹಂಚಿಕೊಂಡಿದ್ದರು. ಆಟದಲ್ಲಿ ಇಟ್ಟಿಗೆ ಗೋಡೆ ಇತ್ತು, ಕಲ್ಲಿನ ಗೋಡೆ ಇತ್ತು, ಗಾಜಿನದೂ ಇತ್ತು. ಗೌರಿಗೆ ಯಾವುದೂ ಬೇಡ. ಹಾಸನೂರಿನ ಹತ್ತಿರ ಬಸ್ಸಿನ ಕಿಟಕಿಯಿಂದ ಒಮ್ಮೆ ಕಂಡಿದ್ದ, ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಕಟ್ಟಿದ ಮನೆಯೇ ಬೇಕು. ನಿಜದಲ್ಲಿ ಅದು ಆಗದ ಮಾತು. ನಮ್ಮ ಕಡೆ ಒಂದು ದಿಮ್ಮಿ ಹೊತ್ತು ಊರು ಮುಟ್ಟುವಷ್ಟರಲ್ಲಿ ಫಾರೆಸ್ಟಿನವರು ಅದರ ಜಾತಕ ಕೇಳುತ್ತಾರೆ. ಆಟದಲ್ಲಾದರೂ ಸಿಗಲಿ ಎಂದು ಅವಳು ತಿಂಗಳಿಗೊಮ್ಮೆ ಆಟದ ಕಂಪನಿಗೆ ಹರಕು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು.

ಆಮೇಲೆ ಒಂದು ದಿನ ಘಾಟಿಯ ಕೆಳಗಿನ ಸತ್ಯಮಂಗಲದ ದಯಾನಂದನನ್ನು ರಿಜಿಸ್ಟರ್ ಮದುವೆಯಾದಳು. ಬೇರೆ ಜಾತಿ. ಅವ್ವ ಶಾಂತಮಲ್ಲಮ್ಮ "ನಂಗೆ ಮಗ್ಳೇ ಇಲ್ಲ" ಅಂದುಬಿಟ್ಟಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಎರಡು ವರ್ಷ ಆ ಮನೆಯಲ್ಲಿ ಗೌರಿ ಎಂಬ ಹೆಸರನ್ನು ಯಾರೂ ಎತ್ತಲಿಲ್ಲ.

ಕಳೆದ ವರ್ಷ ಹಳೇ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿದರು. ಅವರಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸುವಾಗ ಮನೆಮಗಳು ಬಂದು ಅದಕ್ಕೆ ಅರಿಸಿನ ಕುಂಕುಮ ಇಡಬೇಕು, ಮಾವಿನ ಸೊಪ್ಪು ಕಟ್ಟಬೇಕು. ಅವ್ವ ಗೌರಿಯ ದೊಡ್ಡಪ್ಪನ ಮಗಳು ಶಾಂಭವಿಯನ್ನು ಕರೆಸಿ ಆ ಕೆಲಸ ಮುಗಿಸಿದಳು. ಚೌಕಟ್ಟಿನ ಒಂದು ಕಡೆ ಹಿಡಿದು ನಿಂತಿದ್ದ ರಾಜಶೇಖರ್ ಬಾಯಿಗೆ ಬೀಗ ಹಾಕಿಕೊಂಡಿದ್ದ. "ಗೌರಿಗೆ ಹೇಳೋಣ" ಎಂಬ ಒಂದು ಮಾತು ಸಾಕಿತ್ತು. ಆಡದ ಆ ಮಾತು ಅಂದಿನಿಂದ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ವರ್ಷ ಒಂದು ಶನಿವಾರ ಮಧ್ಯಾಹ್ನ ಅವನು ತಾಳವಾಡಿಯ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾಗ ಆಟ ಅಪ್‌ಡೇಟ್ ಆಯಿತು. ಗೋಡೆಗಳ ಪಟ್ಟಿಯ ಕೊನೆಯಲ್ಲಿ ಹೊಸದೊಂದು: ದಿಮ್ಮಿ ಗೋಡೆ. ಅಲ್ಲೇ ಕಟ್ಟಲು ಕೂತ. ಜಮೀನಿನ ಪಟ್ಟಾ ಜೆರಾಕ್ಸಿಗೆ ಬಂದವರು "ಏನ್ ತಂಬಿ, ಪೋನಲ್ಲೇ ಕುಂತ್ಬುಟ್ಟೆ" ಎಂದು ಗೊಣಗಿದರು. ಎರಡು ದಿನದಲ್ಲಿ ನಾಲ್ಕೂ ಗೋಡೆ ಎದ್ದವು, ಮೇಲೆ ಸೂರು ಬಂತು. ಬಾಗಿಲಿಗೆ ಬಂದಾಗ ಮಾತ್ರ ಕೈ ಏಳಲಿಲ್ಲ. ಮನೆಮಗಳಿಲ್ಲದೆ ಇನ್ನೊಂದು ಬಾಗಿಲು ನಿಲ್ಲಿಸಲಾರೆ ಎನ್ನಿಸಿತು.

ನಗಬೇಡಿ. ಫೋನಿನೊಳಗಿನ ಬಾಗಿಲಿಗೆ ಎಂಥ ಶಾಸ್ತ್ರ ಎಂದು ಅವನಿಗೂ ಗೊತ್ತಿತ್ತು. ಆದರೆ ಮನಸ್ಸು ಕೇಳಬೇಕಲ್ಲ. ಆಟದವರಿಗೆ ನಮ್ಮ ಶಾಸ್ತ್ರ ಎಲ್ಲಿ ತಿಳಿಯಬೇಕು? ಕಟ್ಟಲು ತೊಡಗಿದ ಏಳು ದಿನದೊಳಗೆ ಬಾಗಿಲು ಇಡದ ಮನೆಯನ್ನು ಪಾಳುಮನೆ ಎಂದು ಬೀಳಿಸಿಬಿಡುವುದು ಅವರ ಕಾನೂನು. ಗೌರಿಗೆ ಆಟದಲ್ಲೇ ಸಂದೇಶ ಕಳಿಸಿದ. ಅವಳು ಆ ಆಟ ಬಿಟ್ಟು ಎರಡು ವರ್ಷವಾಗಿತ್ತು, ಅದನ್ನು ನೋಡಲೇ ಇಲ್ಲ. ಶುಕ್ರವಾರದ ಹೊತ್ತಿಗೆ ಮನೆಯ ಮೇಲೆ ಕೆಂಪಕ್ಷರದ ಎಚ್ಚರಿಕೆ ಮಿನುಗತೊಡಗಿತು. ಅಂಗಡಿ ಖಾಲಿಯಾಗುವುದನ್ನೇ ಕಾದು ಅವನು ಫೋನ್ ಮಾಡಿದ.

"ಅಲೋ, ಯಾರುಂಗ?" ಎಂದಳು ಗೌರಿ, ತಮಿಳಿನಲ್ಲಿ. ಅವನ ಹೊಸ ನಂಬರು ಅವಳಲ್ಲಿ ಇರಲಿಲ್ಲ.

"ನಾನು ಕಣವ್ವ, ಅಣ್ಣ."

ಅವಳು ಮೊದಲು ಕೇಳಿದ್ದು ಒಂದೇ. "ಅವ್ವ ಚೆನ್ನಾಗವ್ಳಾ?"

"ಅವ್ಳೆ. ಗೌರಿ, ದಿಮ್ಮಿ ಗೋಡೆ ಬಂದದೆ ಕಣವ್ವ. ನಮ್ ಜಾಗದಲ್ಲೇ ಮನೆ ಕಟ್ಟಿವ್ನಿ. ಬಾಕ್ಲು ಇಡಾಕೆ ನೀನು ಬರ್ಬೇಕು. ಇಲ್ದಿದ್ರೆ ನಾಳೆ ಬಿದ್ದೋಯ್ತದೆ."

ಗೌರಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಊರ್ ಮನೆ ಬಾಕ್ಲು ನಿಲ್ಸ್ದಾಗ ಎಲ್ಲಿದ್ದೆ ಅಣ್ಣ?"

"ಅಲ್ಲೇ ಇದ್ದೆ. ಬಾಯಿ ಬುಡ್ನಿಲ್ಲ. ತಪ್ಪಾಯ್ತು."

"ಬೀಳ್ಲಿ ಬುಡು ಆ ಮನೆ. ಇಲ್ಲಿ ನಮ್ ಮನೆ ಬಾಕ್ಲು ಸೋಮ್ವಾರ ನಿಲ್ಸ್ತಾರೆ. ತವರಿಂದ ಸೀರೆ ತಕ್ಕಂಡ್ ಯಾರ್ ಬತ್ತಾರೆ ಅಂತ ಎಲ್ರೂ ಕೇಳ್ತಾವ್ರೆ. ಪಕ್ಕದ್ಮನೆ ಪರಿಮಳಕ್ಕನ ತಮ್ಮನ್ನೇ ಅಣ್ಣ ಅಂದ್ಕಂಡು ನಿಲ್ಸ್ಕತಿನಿ ಅಂದಿವ್ನಿ. ನೀವು ಶಾಂಭವಿನ ನಿಲ್ಸ್ಕಂಡಂಗೆ."

ತಂಗಿ ಬೇಕು ಬೇಕು ಎಂದು ತಾನೊಬ್ಬನೇ ಹಂಬಲಿಸುತ್ತಿದ್ದೇನೆ ಅಂದುಕೊಂಡಿದ್ದ. ಘಾಟಿಯ ಕೆಳಗೆ ಅವಳು ಅಣ್ಣನ ಜಾಗಕ್ಕೆ ಎರವಲು ಆಳು ಹುಡುಕುತ್ತಿದ್ದಳು.

"ಯಾರೂ ಬ್ಯಾಡ. ನಾನೇ ಬತ್ತಿನಿ," ಅಂದ.

ಶನಿವಾರ ದಿಮ್ಮಿ ಮನೆ ಬಿತ್ತು. ಅವನು ನೋಡಲಿಲ್ಲ, ಆ ಹೊತ್ತಿನಲ್ಲಿ ಸೀರೆ ಅಂಗಡಿಯಲ್ಲಿ ಹಸಿರು ಬೇಕೋ ನೀಲಿಯೋ ತಿಳಿಯದೆ ಒದ್ದಾಡುತ್ತಿದ್ದ.

ಸೋಮವಾರ ಬೆಳಿಗ್ಗೆ ಅವ್ವ ಅಂಗಳ ಗುಡಿಸುತ್ತಿದ್ದಳು. ಅವನ ಕೈಚೀಲ ನೋಡಿ ಕೇಳಿದಳು. "ಯಾಕ್ಲಾ, ಇವತ್ತು ಅಂಗ್ಡಿಗ್ ಓಗಲ್ವ?"

"ಗೌರಿ ಮನೆ ಬಾಕ್ಲು ನಿಲ್ಸ್ತಾರೆ ಅವ್ವ. ಅಲ್ಲಿಗ್ ಓಯ್ತಾವ್ನಿ."

ಬೈಗುಳಕ್ಕೆ ಅವನು ತಯಾರಾಗಿ ನಿಂತ. ಅವ್ವ ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಚೀಲದಿಂದ ಸೀರೆ ಎಳೆದು ಅಂಚು ನೋಡಿದಳು. "ಅಸ್ರು ತಂದೀಯಲ್ಲ. ಆ ಮೈಬಣ್ಣಕ್ಕೆ ಅಸ್ರು ಒಪ್ತದಾ?" ಎಂದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಅರಿಸಿನ ಬಣ್ಣದ ರೇಷ್ಮೆ ಸೀರೆ ಇತ್ತು. ಮಗಳ ಮದುವೆಗೆಂದು ಎಂದೋ ತೆಗೆದಿಟ್ಟದ್ದು, ಮಡಿಕೆಯೂ ಬಿಚ್ಚಿರಲಿಲ್ಲ.

"ನೀನೂ ಬಾ ಅವ್ವ."

"ನನ್ನ ಕರ್ದವ್ಳಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ," ಅಂದ. "ಆದ್ರೆ ಪೋನ್ ಮಾಡ್ದಾಗ ಮೊದ್ಲು ನಿನ್ನೇ ಕೇಳುದ್ಲು."

ಶಾಂತಮಲ್ಲಮ್ಮ ತಲೆಯಾಡಿಸಿದಳು. ಕಣ್ಣು ತುಂಬಿದ್ದನ್ನು ಮುಚ್ಚಿಡಲೂ ಇಲ್ಲ. ಸೀರೆಯನ್ನು ತಾನೇ ಚೀಲಕ್ಕೆ ಇಟ್ಟು ಪೊರಕೆ ಎತ್ತಿಕೊಂಡಳು.

"ಇದ್ನೇ ಉಟ್ಕಳಾಕೇಳು," ಅಂದಳು. "ಉಟ್ಮೇಲೆ ಒಂದು ಪೋಟೋ ಇಡ್ಕಂಡ್ ಬಾ ಕಣ್ಲಾ. ಎಂಗವ್ಳೆ ಅಂತ ನೋಡ್ತಿನಿ."