ತಂಗಿಯ ಕಣ್ಣು ಬಿದ್ದ ಕಾರು

ದೆಹಲಿಯ ಪೀತಮ್‌ಪುರಾದ ತನ್ನ ಎರಡನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ನಿಂತು ಪಂಕಜಾ ಪ್ರತಿ ಭಾನುವಾರ ಸಂಜೆ ಕೈ ಬೀಸುತ್ತಿದ್ದಳು. ಕೆಳಗೆ ತಂಗಿ ಮೈತ್ರೇಯಿ ತನ್ನ ಕೆಂಪು ಕಾರು ಹತ್ತಿ ಗುಡಗಾಂವಿಗೆ ಹೊರಡುತ್ತಿದ್ದಳು. ಕಾರು ಹಾಲಿನ ಬೂತಿನ ತಿರುವಿನಲ್ಲಿ ಮರೆಯಾಗುವವರೆಗೆ ಪಂಕಜಾಳ ಮುಖದಲ್ಲಿ ನಗು ಇರುತ್ತಿತ್ತು. ಆಮೇಲೆ ಒಳಗೆ ಬಂದು, ತಂಗಿ ಕುಡಿದಿಟ್ಟ ಕಾಫಿ ಲೋಟವನ್ನು ಬೇಕಾದ್ದಕ್ಕಿಂತ ಜೋರಾಗಿ ಸಿಂಕಿಗೆ ಹಾಕುತ್ತಿದ್ದಳು.

"ಅದೂ ಒಂದು ಕಾರಾ? ಅದರಲ್ಲಿ ಮನುಷ್ಯರು ಕೂರ್ತಾರಾ?"

"ಹೋದ ವಾರ ನಾವೇ ಕೂತಿದ್ವಲ್ಲ," ಎಂದ ಗಂಡ ಚಂದ್ರಮೋಹನ, ಪೇಪರಿನಿಂದ ತಲೆ ಎತ್ತದೆ.

"ಕೂತಿದ್ವಿ. ಅವಳು ಕೂರಿಸಿಕೊಂಡಳು, ನಾವು ಕೂತ್ವಿ. ಅದನ್ನೇ ಹೇಳ್ತಿರೋದು."

ಮೈತ್ರೇಯಿಯನ್ನು ದೆಹಲಿಗೆ ಕರೆಸಿಕೊಂಡವಳೇ ಪಂಕಜಾ. ಅರಸೀಕೆರೆಯಿಂದ ಟ್ರಂಕು ಹಿಡಿದು ಬಂದ ತಂಗಿಗೆ ನಡುಮನೆಯ ಮೂಲೆಯಲ್ಲಿ ಹಾಸಿಗೆ ಹಾಕಿಕೊಟ್ಟವಳು, ಹಿಂದಿಯಲ್ಲಿ ತರಕಾರಿ ಚೌಕಾಸಿ ಮಾಡುವುದನ್ನು ಕಲಿಸಿದವಳು. ಈಗ ಆ ತಂಗಿ ಗುಡಗಾಂವಿನ ವಿಮಾ ಕಂಪನಿಯೊಂದರಲ್ಲಿ ಅಪಘಾತವಾದ ವಾಹನಗಳ ಕ್ಲೇಮು ನೋಡುವ ಅಧಿಕಾರಿ. ಪಂಕಜಾಳ ಮನೆಯಲ್ಲಿ ಇನ್ನೂ ಸ್ಕೂಟರು. ಮಳೆ ಬಂದರೆ ಗಂಡ, ಹೆಂಡತಿ, ಮಗಳು ನಿಶಿತಾ ಮೂವರೂ ಫ್ಲೈಓವರ್ ಕೆಳಗೆ ನಿಲ್ಲಬೇಕು. ಆಗ ನೀರು ಸಿಡಿಸಿಕೊಂಡು ಹೋಗುವ ಪ್ರತಿಯೊಂದು ಕೆಂಪು ಕಾರೂ ಪಂಕಜಾಳಿಗೆ ತಂಗಿಯದೇ ಅನ್ನಿಸುತ್ತಿತ್ತು.

ಗಣೇಶನ ಹಬ್ಬ ಹತ್ತಿರ ಬಂತು. ಕನ್ನಡ ಸಂಘದ ಪೂಜೆಗೆ ದೆಹಲಿಯ ಕನ್ನಡದವರೆಲ್ಲ ಸೇರುತ್ತಾರೆ. ಈ ಸಲ ಅಲ್ಲಿಗೆ ಸ್ವಂತ ಕಾರಿನಲ್ಲೇ ಹೋಗಬೇಕೆಂದು ಪಂಕಜಾ ಹಟ ಹಿಡಿದಳು. ಹೊಸದು ಆಗದಿದ್ದರೆ ಹಳೆಯದು. ಆದರೆ ತಂಗಿಯದಕ್ಕಿಂತ ದೊಡ್ಡದು.

ಶನಿವಾರ ಗಂಡ ಹೆಂಡತಿ ಇಬ್ಬರೂ ಮಾರಾಟಕ್ಕೆ ನಿಲ್ಲಿಸಿದ್ದ ಹಳೇ ಕಾರುಗಳ ಸಾಲಿನ ಮುಂದೆ ನಡೆದರು. ಒಂದು ಬಿಳಿ ಕಾರಿನ ಮುಂದೆ ಪಂಕಜಾ ನಿಂತೇಬಿಟ್ಟಳು.

"ರೀ, ಕೆಎ ಹದಿಮೂರು! ನಮ್ಮ ಹಾಸನದ ನಂಬರು!"

ದೆಹಲಿಯ ಸಿಗ್ನಲ್ಲಿನಲ್ಲಿ ಕೆಎ ನಂಬರಿನ ಗಾಡಿ ಕಂಡರೆ ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುವ ಅಭ್ಯಾಸ ನಮಗೆಲ್ಲ ಇದೆ. ವ್ಯಾಪಾರಿಗೂ ಅದು ಗೊತ್ತಿತ್ತು.

"ಕರ್ನಾಟಕದವರಾ? ಅಚ್ಛಾ! ಹಾಗಾದರೆ ಈ ಗಾಡಿ ನಿಮಗೇ ಕಾಯ್ತಿತ್ತು ಬೆಹನ್‌ಜೀ," ಎಂದ ಅವನು, ಹಿಂದಿಯಲ್ಲಿ. "ನಿಮ್ಮ ಕಡೆಯ ಕ್ಯಾಪ್ಟನ್ ಸಾಬ್ ಇಟ್ಟಿದ್ದು. ಫೌಜಿ ಗಾಡಿ. ಬೆಳಗ್ಗೆ ಎದ್ದು ತಾವೇ ಒರೆಸೋರು. ಬೇಕಾದರೆ ಮನೆಗೆ ತಗೊಂಡು ಹೋಗಿ, ಸೋಮವಾರ ಮಾತು ಮುಗಿಸೋಣ. ನಿಮ್ಮ ಸ್ಕೂಟರು ಇಲ್ಲಿರಲಿ, ಸಾಕು. ಒಂದೇ ಮಾತು, ಯಾರಿಗೂ ಬಿಚ್ಚೋಕೆ ಕೊಡಬೇಡಿ. ಮೆಕ್ಯಾನಿಕ್‌ಗಳು ಒಳ್ಳೇ ಗಾಡೀನೇ ಕೆಡಿಸ್ತಾರೆ."

ಕ್ಯಾಪ್ಟನ್ನರ ಹೆಸರೇನು ಎಂದು ಇಬ್ಬರೂ ಕೇಳಲಿಲ್ಲ. ಊರಿನ ನಂಬರು, ಸೇನೆಯವರ ಗಾಡಿ. ಇನ್ನೇನು ಕೇಳುವುದು?

ಭಾನುವಾರ ಮೈತ್ರೇಯಿ ಬಂದಾಗ, ಅವಳು ಸದಾ ನಿಲ್ಲಿಸುವ ಜಾಗದಲ್ಲೇ ಬಿಳಿ ಕಾರು ನಿಂತಿತ್ತು. ಅವಳ ಕಾರು ಕಸದ ತೊಟ್ಟಿಯ ಪಕ್ಕ ನಿಲ್ಲಬೇಕಾಯಿತು. ಪಂಕಜಾ ಗಂಡ, ಮಗಳ ಜೊತೆ ಕೆಳಗಿಳಿದು ಬಂದಳು. ಅವಳು ರೇಷ್ಮೆ ಸೀರೆ ಉಟ್ಟಿದ್ದಳು.

"ನೋಡೇ. ಹಾಸನದ ಗಾಡಿ. ನಾಳೆ ನಮ್ಮದಾಗುತ್ತೆ."

"ಚೆನ್ನಾಗಿದೆ ಅಕ್ಕ!" ಎಂದಳು ಮೈತ್ರೇಯಿ. ಗಾಜುಗಳ ಮೂಲೆಯ ಗುರುತು ಓದುತ್ತ ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲು ತೆಗೆದು ಹಾಕಿದಳು, ಮತ್ತೆ ತೆಗೆದು ಹಾಕಿದಳು. ಬಾಗಿಲಂಚಿನ ರಬ್ಬರ್ ಎಳೆದು ಅದರಡಿ ಬೆರಳಾಡಿಸಿದಳು. ಅವಳ ನಗು ನಿಂತಿತು. "ಇದನ್ನ ಯಾರಿಗಾದರೂ ತೋರಿಸಿದ್ದೀರಾ ಭಾವ?"

"ಇಲ್ಲಮ್ಮ. ಫೌಜಿ ಗಾಡಿ ಅಂತೆ..." ಎಂದ ಚಂದ್ರಮೋಹನ.

"ಮುಂದಿನ ಗಾಜೂ ಹಿಂದಿನ ಗಾಜೂ ಬೇರೆ ಬೇರೆ ವರ್ಷದ್ದು. ರಬ್ಬರ್ ಕೆಳಗೆ ಬೇರೆ ಬಣ್ಣ ಇದೆ. ಕೊಳ್ಳೋಕೆ ಮುಂಚೆ ಕಂಪನಿ ವರ್ಕ್‌ಶಾಪಿಗೆ ತಗೊಂಡು ಹೋಗಿ. ಚಾಸಿ ನಂಬರ್ ಕೊಟ್ಟರೆ ಹಿಂದೆ ಯಾವಾಗ ತಪಾಸಣೆ ಆಗಿತ್ತು, ಏನು ರಿಪೇರಿ ಆಗಿತ್ತು, ಅವರ ಕಂಪ್ಯೂಟರಲ್ಲಿ ಇದ್ದಷ್ಟು ಹೇಳ್ತಾರೆ. ಹಾಸನದ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಗಾಡಿ ಯಾರ ಹೆಸರಲ್ಲಿದೆ, ಅದರ ಮೇಲೆ ಸಾಲ ಇದೆಯಾ, ಎಲ್ಲಾ ಅದರಲ್ಲಿರುತ್ತೆ. ವಿಮೆ ಯಾರದ್ದು ಹೇಳಿ, ಹಳೇ ಕ್ಲೇಮ್ ನಾನು ವಿಚಾರಿಸ್ತೀನಿ."

ಪಂಕಜಾ ಕಾರಿಗೂ ತಂಗಿಗೂ ನಡುವೆ ಬಂದು ನಿಂತಳು.

"ಗೊತ್ತಿತ್ತು ಕಣೇ ನನಗೆ. ಅಕ್ಕನ ಮನೆ ಮುಂದೆ ಒಂದು ಕಾರು ನಿಂತರೆ ನಿನಗೆ ಸಹಿಸೋಕಾಗಲ್ಲ. ಹೊಟ್ಟೆಕಿಚ್ಚು!"

"ಅಮ್ಮಾ, ಪ್ಲೀಸ್! ಸಬ್ ಸುನ್ ರಹೇ ಹೈಂ," ಎಂದಳು ನಿಶಿತಾ. ನಿಜವಾಗಿಯೂ ಕೆಳಮನೆಯ ಕಿಟಕಿಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಮೈತ್ರೇಯಿ ತಾನು ಎಳೆದಿದ್ದ ರಬ್ಬರನ್ನು ಮತ್ತೆ ಒತ್ತಿ ಕೂರಿಸಿದಳು.

"ಹೊಟ್ಟೆಕಿಚ್ಚು ಇದೆ ಅಕ್ಕ," ಎಂದಳು. "ಅಮ್ಮ ಊರಿಂದ ಮೊದಲು ನಿನಗೇ ಫೋನ್ ಮಾಡ್ತಾಳೆ. ಹುಳಿಪುಡಿ ಡಬ್ಬಿ ನಿನಗೇ ಕಳಿಸ್ತಾಳೆ, ನಾನು ಇಲ್ಲಿಗೆ ಬಂದು ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕು. ಅದಕ್ಕೆ ನನಗೆ ಹೊಟ್ಟೆಕಿಚ್ಚು. ಈ ಕಾರಿಗಲ್ಲ. ಈ ಕಾರಿನ ಹಿಂದಿನ ಸೀಟಲ್ಲಿ ಕೂರೋಳು ನಿಶಿತಾ."

ಅವಳು ಮೇಲೆ ಬಾರದೆ ಹೊರಟುಹೋದಳು.

ಆ ರಾತ್ರಿ ಪಂಕಜಾ ಗಂಡನಿಗೆ ಹೇಳಿದಳು: "ನಾಳೆ ರಜೆ ಹಾಕಿ. ವರ್ಕ್‌ಶಾಪಿಗೆ ಹೋಗೋಣ."

"ಅವಳ ಮಾತು ಸರಿ ಅನ್ನಿಸ್ತಾ?"

"ಸರಿ ಅಂತ ಯಾರು ಹೇಳಿದ್ದು? ಗಾಡಿ ಚೆನ್ನಾಗಿದೆ ಅಂತ ಅವರ ಕೈಲೇ ಬರೆಸಿಕೊಂಡು ಬಂದು ಅವಳ ಮುಖದ ಮುಂದೆ ಹಿಡೀತೀನಿ."

ವರ್ಕ್‌ಶಾಪಿನಲ್ಲಿ ಕಾರನ್ನು ಲಿಫ್ಟಿನ ಮೇಲೆ ನಿಲ್ಲಿಸಿ ಎತ್ತಿದರು. ಸೂಪರ್‌ವೈಸರ್ ಟಾರ್ಚು ಹಿಡಿದು ಕೆಳಗೆ ಹೋದವನು, ಸ್ವಲ್ಪ ಹೊತ್ತಿಗೆ ಇವರನ್ನೂ ಕರೆದ. ಪಂಕಜಾ ಸೆರಗು ಸಿಕ್ಕಿಸಿಕೊಂಡು ಕಾರಿನಡಿ ನಿಂತು ತಲೆ ಎತ್ತಿದಳು. ಕಾರೊಂದನ್ನು ಅವಳು ಕೆಳಗಿನಿಂದ ನೋಡಿದ್ದು ಅದೇ ಮೊದಲು.

"ಈ ಗೆರೆ ನೋಡಿ ಮೇಡಂ."

ಮುಂದಿನ ಸೀಟುಗಳ ಕೆಳಗೆ, ಈ ಬದಿಯಿಂದ ಆ ಬದಿಗೆ, ಬೆಸುಗೆಯ ದಪ್ಪ ಗೆರೆ ಓಡಿತ್ತು. ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಅದು ಅಲ್ಲಲ್ಲಿ ಚಕ್ಕೆ ಎದ್ದಿತ್ತು.

"ಇದು ಒಂದು ಗಾಡಿಯಲ್ಲ, ಎರಡು. ಒಂದರ ಮುಂದಿನ ಅರ್ಧ, ಇನ್ನೊಂದರ ಹಿಂದಿನ ಅರ್ಧ. ಕತ್ತರಿಸಿ ಜೋಡಿಸಿದ್ದಾರೆ. ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ, ಏನಾದರೂ ಗುದ್ದಿದರೆ, ಇದು ಇಲ್ಲೇ ಬಿಟ್ಟುಕೊಳ್ಳುತ್ತೆ."

ಚಂದ್ರಮೋಹನ ಹೆಂಡತಿಯನ್ನು ಕಾರಿನಡಿಯಿಂದ ಈಚೆಗೆ ಎಳೆದ.

ಚಾಸಿ ನಂಬರನ್ನು ಕಂಪ್ಯೂಟರಿಗೆ ಹಾಕಿದಾಗ ಉಳಿದದ್ದೂ ತಿಳಿಯಿತು. ಆ ನಂಬರಿನ ಗಾಡಿ ಕರ್ನಾಟಕದಲ್ಲಿ ಲಾರಿಯಡಿ ಸಿಕ್ಕು ನಜ್ಜುಗುಜ್ಜಾಗಿತ್ತು. ವಿಮೆಯ ಸರ್ವೇಯರು ತಪಾಸಣೆ ಮಾಡಿ, ದುರಸ್ತಿಗೆ ಯೋಗ್ಯವಲ್ಲ ಎಂದು ಬರೆದಿದ್ದರು. ಆ ಗಾಡಿ ಇದ್ದದ್ದು ಒಂದು ಟ್ರಾವೆಲ್ಸ್ ಹೆಸರಿನಲ್ಲಿ. ಕ್ಯಾಪ್ಟನ್ ಯಾರೂ ಇರಲಿಲ್ಲ.

ಕಾರನ್ನು ವಾಪಸು ಕೊಂಡೊಯ್ಯುವಾಗ ಚಂದ್ರಮೋಹನ ದಾರಿಯುದ್ದಕ್ಕೂ ಬಹಳ ನಿಧಾನ ಓಡಿಸಿದ. ಹಿಂದಿನವರು ಹಾರ್ನ್ ಹೊಡೆದು ಬೈದರು. ವ್ಯಾಪಾರಿ ಮೊದಲು ನಕ್ಕ, ಆಮೇಲೆ ಕೂಗಾಡಿದ. ಪೊಲೀಸ್ ಠಾಣೆಗೆ ಹೋಗುತ್ತೇವೆ ಎಂದು ಪಂಕಜಾ ಅಂದಮೇಲೆ ಸುಮ್ಮನೆ ಸ್ಕೂಟರಿನ ಕೀಲಿ ಕೊಟ್ಟ. ಅವರು ಹೇಳಿದಂತೆಯೇ ಠಾಣೆಗೂ ಹೋಗಿ ದೂರು ಕೊಟ್ಟರು. ಇಲ್ಲದಿದ್ದರೆ ಆ ಕಾರು ಇನ್ನೊಬ್ಬ ಹಾಸನದವನಿಗಾಗಿ ಕಾಯುತ್ತಿತ್ತು.

ಮನೆಗೆ ಬಂದ ಪಂಕಜಾ ಫೋನಿನ ಮುಂದೆ ತುಂಬಾ ಹೊತ್ತು ಕೂತಳು. ತಂಗಿ ಹೇಳಿದ್ದು ಸುಳ್ಳಾಗಲಿ ಎಂದು ತಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ಅವಳಿಗೆ ನೆನಪಾಯಿತು. ಅದು ಸುಳ್ಳೇ ಎಂದುಕೊಂಡು ವರ್ಕ್‌ಶಾಪಿಗೇ ಹೋಗದೆ ಇದ್ದಿದ್ದರೆ? ಕಡೆಗೆ ನಂಬರ್ ಒತ್ತಿದಳು.

"ಹೇಳಕ್ಕ."

"ಎರಡು ಕಾರು ಕಣೇ ಅದು. ಅಂಟಿಸಿದ್ದು."

"ನೀವೆಲ್ಲ ಹುಷಾರಾಗಿದ್ದೀರಲ್ಲ?"

"ಇದ್ದೀವಿ. ಭಾನುವಾರ ಬಾ. ಇನ್ನೊಂದು ಗಾಡಿ ನೋಡೋದಿದೆ. ನಿನ್ನ ಹೊಟ್ಟೆಕಿಚ್ಚನ್ನೂ ಪೂರ್ತಿ ತಗೊಂಡು ಬಾ. ಒಂದು ಗೀರೂ ಬಿಡದ ಹಾಗೆ ನೋಡಬೇಕು."

ಆ ವರ್ಷ ಹಬ್ಬಕ್ಕೆ ಅವರು ಮೆಟ್ರೋ ಹತ್ತಿ, ಬಸ್ಸು ಬದಲಾಯಿಸಿ ಹೋದರು. ಕಾರು ಬಂದದ್ದು ದೀಪಾವಳಿ ಕಳೆದ ಮೇಲೆ. ಮೈತ್ರೇಯಿ ಬೇಡವೆಂದ ಕಾರುಗಳು ಹಲವು. ಕೊನೆಗೆ ಒಪ್ಪಿದ್ದು ದೆಹಲಿ ನಂಬರಿನ, ಕಂದು ಬಣ್ಣದ, ನೋಡಲು ಸಾಧಾರಣವಾದ ಒಂದು ಗಾಡಿಯನ್ನು. ಆದರೆ ಅದು ಕಾರ್ಖಾನೆಯಿಂದ ಹೊರಬಂದ ದಿನದಿಂದ ಒಂದೇ ಗಾಡಿಯಾಗಿತ್ತು. ಅದು ತಂಗಿಯದಕ್ಕಿಂತ ಚಿಕ್ಕದು. ಇದನ್ನು ಪಂಕಜಾ ಇನ್ನೂ ಪೂರ್ತಿ ಮರೆತಿಲ್ಲ.

ಓದುಗರೇ, ನೀವೂ ಹಳೆಯ ಕಾರು ಕೊಳ್ಳಲು ಹೊರಟಿದ್ದರೆ ನಂಬರ್ ಪ್ಲೇಟಿನಲ್ಲಿ ನಿಮ್ಮ ಊರು ಕಂಡಿತೆಂದು ಕರಗಬೇಡಿ. ಹಬ್ಬದ ಅವಸರ ಬೇಡ. ಚಾಸಿ ನಂಬರ್ ಬರೆದುಕೊಳ್ಳಿ, ಹಳೆಯ ತಪಾಸಣೆ ಮತ್ತು ಸರ್ವಿಸಿನ ವಿವರ ಕೇಳಿ, ವಿಮೆಯ ಕ್ಲೇಮು ಆಗಿತ್ತೇ ವಿಚಾರಿಸಿ, ಆರ್‌ಟಿಒದಲ್ಲಿ ಮಾಲೀಕರು ಯಾರೆಂದು ಖಚಿತಪಡಿಸಿಕೊಳ್ಳಿ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ, ನೀವೇ ಕೆಳಗೆ ನಿಂತು ನೋಡಿ. ಬಿಚ್ಚಿ ನೋಡಬೇಡಿ ಎನ್ನುವವನ ಬಳಿ ಕೊಳ್ಳಲೇಬೇಡಿ. ನೋಡಲು ಹೋಗುವಾಗ ನಿಮ್ಮ ಏಳಿಗೆ ಕಂಡು ಸ್ವಲ್ಪ ಹೊಟ್ಟೆ ಉರಿಯುವವರು ಯಾರಾದರೂ ಇದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರಷ್ಟು ಶ್ರದ್ಧೆಯಿಂದ ನಿಮ್ಮ ಕಾರಿನಲ್ಲಿ ತಪ್ಪು ಹುಡುಕುವವರು ಇನ್ನೊಬ್ಬರು ಸಿಗುವುದಿಲ್ಲ.